ಬೀಗದ ಕೈ ಮಕ್ಕಳ ಕೈಯಲ್ಲೇ ಉಂಟು

ಸಂಪಾದಕರಿಗೆ ನಮಸ್ಕಾರ.

ಮಕ್ಕಳ ಮೊಬೈಲ್ ಹುಚ್ಚಿನ ಬಗ್ಗೆ ಪತ್ರಿಕೆಗೆ ಪತ್ರ ಬರುವುದು ಹೊಸತಲ್ಲ. ನಾನೂ ಓದುತ್ತೇನೆ, ಹೌದು ಹೌದು ಅಂತ ತಲೆ ಆಡಿಸುತ್ತೇನೆ. ಹೆಚ್ಚಿನವರು ಕೊನೆಗೆ ಹೇಳುವುದು ಒಂದೇ, ಫೋನ್ ಕಿತ್ತು ಕಪಾಟಿನಲ್ಲಿಡಿ ಅಂತ. ನಾನು ಇಟ್ಟು ನೋಡಿದ್ದೇನೆ. ಎರಡು ಸಲ. ಎರಡೂ ಸಲ ಮರುದಿನ ಬೆಳಿಗ್ಗೆ ಶಾಲೆಯ ವಾಟ್ಸಾಪ್ ಗ್ರೂಪಿನಲ್ಲಿ ಏನೋ ಬಂದಿದೆ ಅಂತ ನಾನೇ ಕಪಾಟು ತೆರೆದು ಕೊಟ್ಟದ್ದು. ಈ ಪತ್ರ ಸ್ವಲ್ಪ ಉದ್ದ ಆಗಬಹುದು. ಕತ್ತರಿ ಆಡಿಸುವುದಾದರೆ ಆಡಿಸಿ, ನನ್ನ ಅಮ್ಮನ ವಿಷಯ ಮಾತ್ರ ಬಿಡಬೇಡಿ.

ನಾವಿರುವುದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ, ಅಡಿಕೆ ತೋಟದ ಪಕ್ಕದಲ್ಲಿ ಮನೆ. ಮಗಳು ಒಂಬತ್ತನೇ ಕ್ಲಾಸು, ಮಗ ಆರನೇ ಕ್ಲಾಸು, ಇಬ್ಬರೂ ಕನ್ನಡ ಮಾಧ್ಯಮ. ಅಮ್ಮನಿಗೆ 76 ವರ್ಷ. ರಾತ್ರಿ ಊಟ ಆದ ಮೇಲೆ ಅವಳಿಗೆ ಫೋನಿನಲ್ಲಿ ಆಟ ನೋಡಬೇಕು. ನಮ್ಮ ಕಡೆ ಆಟ ಅಂದರೆ ಯಕ್ಷಗಾನ ಅಂತ ಬೇರೆ ಊರಿನ ಓದುಗರಿಗಾಗಿ ಹೇಳುತ್ತಿದ್ದೇನೆ. ಒಂದು ದಿನ ಕರೆದು ಫೋನ್ ಕೈಗೆ ಕೊಟ್ಟಳು. "ಮಗಾ, ಇದಕ್ಕೆ ಎಂತ ಆಗಿದೆ ನೋಡು. ಆಟ ನೋಡುವಾ ಅಂತ ತೆರೆದರೆ ಕೋವಿ ಹಿಡಿದವರು ಬರ್ತಾರೆ."

ನೋಡಿದರೆ ಯೂಟ್ಯೂಬ್ ತುಂಬಾ ಗುಂಡು ಹಾರಿಸುವ ಗೇಮಿನ ವಿಡಿಯೋಗಳು. ಚೆಂಡೆ ಮದ್ದಳೆ ಎಲ್ಲೋ ಕೆಳಗೆ ಹೋಗಿ ಬಿದ್ದಿವೆ. ಮಗನ ಟ್ಯಾಬನ್ನು ನಾನು ರಾತ್ರಿ ಎಂಟಕ್ಕೆ ಕಪಾಟಿನಲ್ಲಿಟ್ಟು ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ದೊಡ್ಡ ಜನ ಆಗಿದ್ದೆ. ಅವನು ಅಜ್ಜಿ ನಿದ್ದೆ ಹೋದ ಮೇಲೆ ಅಜ್ಜಿಯ ಫೋನ್ ತೆಗೆದುಕೊಳ್ಳುತ್ತಿದ್ದ. ಅದಕ್ಕೆ ಪಿನ್ನೂ ಇಲ್ಲ, ಏನೂ ಇಲ್ಲ. ನೋಡಿದ್ದನ್ನೇ ಮತ್ತೆ ಮತ್ತೆ ತಂದು ತೋರಿಸುವುದು ಯೂಟ್ಯೂಬಿನ ಅಭ್ಯಾಸ ಅಲ್ವಾ, ಹಾಗಾಗಿ ಸಿಕ್ಕಿಬಿದ್ದ. ಇಲ್ಲದಿದ್ದರೆ ಇವತ್ತಿಗೂ ನನಗೆ ಗೊತ್ತಾಗುತ್ತಿರಲಿಲ್ಲ.

ಆಮೇಲೆ ನಾನು ಪೇರೆಂಟಲ್ ಕಂಟ್ರೋಲ್ ಹಾಕಲು ಹೊರಟೆ, ಅಂದರೆ ಮಕ್ಕಳು ಏನು ನೋಡಬೇಕು, ಎಷ್ಟು ಹೊತ್ತು ನೋಡಬೇಕು ಅಂತ ಅಪ್ಪ ಅಮ್ಮ ಫೋನಿನೊಳಗೇ ಹಾಕುವ ಬೀಗ. ಗೂಗಲ್‌ನ ಫ್ಯಾಮಿಲಿ ಲಿಂಕ್ ಅಂತ ಒಂದು ಆ್ಯಪ್ ಇದೆ, ದುಡ್ಡು ಕೊಡಬೇಕಾಗಿಲ್ಲ. ನನ್ನ ಫೋನಿನಿಂದ ಮಗನ ಟ್ಯಾಬಿಗೆ ದಿನಕ್ಕೆ ಇಷ್ಟು ಹೊತ್ತು ಅಂತ ಮಿತಿ ಹಾಕಬಹುದು, ರಾತ್ರಿ ಇಂತಿಷ್ಟು ಗಂಟೆಯ ಮೇಲೆ ಬಂದ್ ಮಾಡಬಹುದು, ಹೊಸ ಆ್ಯಪ್ ಹಾಕಲು ಅವನು ಒತ್ತಿದರೆ ನನ್ನ ಫೋನಿಗೆ ಕೇಳಿಕೆ ಬರುತ್ತದೆ. ಕೇಳಲು ಚಂದ. ಹಾಕಲು ಕೂತರೆ ಎಲ್ಲಾ ಇಂಗ್ಲಿಷ್. ಫೋನಿನ ಭಾಷೆಯನ್ನೇ ಕನ್ನಡ ಮಾಡಿದೆ. ಆ ಕನ್ನಡ ಓದಿ ಅರ್ಥ ಆಗದೆ ಪುನಃ ಇಂಗ್ಲಿಷಿಗೇ ಬಂದೆ, ನಗಬೇಡಿ. ಕೊನೆಗೆ ಪಕ್ಕದಲ್ಲಿ ಕೂತು ಓದಿ ಹೇಳಿದ್ದು ಯಾರು ಅಂದುಕೊಂಡಿರಿ? ಮಗನೇ. ಪಿನ್ ಯಾವುದು ಹಾಕುವಾ ಅಂತ ಕೇಳಿದ್ದೂ ಅವನೇ. ಕಳ್ಳನನ್ನೇ ಕೂರಿಸಿಕೊಂಡು ಬಾಗಿಲಿಗೆ ಚಿಲಕ ಹಾಕಿಸಿದ ಹಾಗೆ.

ಇದು ನಮ್ಮ ಮನೆಯೊಂದರ ಕಥೆ ಅಲ್ಲ ಅಂತ ನನಗೆ ಅನಿಸಿದ್ದರಿಂದಲೇ ಬರೆಯುತ್ತಿದ್ದೇನೆ. ಗಡಿ ಭಾಗದ ನಮ್ಮಂಥ ಕನ್ನಡದ ಮನೆಗಳಲ್ಲಿ ಓದುವ ಕೆಲಸ ಮಕ್ಕಳದ್ದು. ಪಂಚಾಯತಿನ ನೋಟೀಸು ಮಲಯಾಳದಲ್ಲಿ, ಬ್ಯಾಂಕಿನ ಮೆಸೇಜು ಇಂಗ್ಲಿಷಿನಲ್ಲಿ, ಶಾಲೆಯ ಗ್ರೂಪಿಗೆ ಬರುವ ಸುತ್ತೋಲೆ ಎಷ್ಟೋ ಸಲ ಮೇಲಿನಿಂದ ಬಂದ ಮಲಯಾಳ ಪಿಡಿಎಫ್ ಹಾಗೆಯೇ. "ಎಂತ ಬರೆದಿದೆ ನೋಡು ಮಾರಾಯ" ಅಂತ ಮಕ್ಕಳ ಕೈಗೆ ಕೊಡುತ್ತೇವೆ. ಕರೆಂಟ್ ಬಿಲ್ಲು ಕಟ್ಟುವುದು ಅವರು, ಗ್ಯಾಸ್ ಬುಕ್ ಮಾಡುವುದು ಅವರು. ಹೀಗಾಗಿ ನಮ್ಮ ಜೀಮೇಲ್ ಪಾಸ್‌ವರ್ಡು, ಯುಪಿಐ ಪಿನ್ನು, ವೈಫೈ ಪಾಸ್‌ವರ್ಡು ಎಲ್ಲಾ ಅವರಿಗೆ ಬಾಯಿಪಾಠ, ನಮಗೆ ಮರೆತುಹೋಗಿರುತ್ತದೆ. ಹೀಗಿರುವಾಗ ಯಾವ ಕಂಪನಿಯ ಯಾವ ಬೀಗ ತಂದರೂ ಅದರ ಕೈ ಇರುವುದು ಮಕ್ಕಳ ಹತ್ತಿರವೇ. ಮೊದಲು ಅದು ನಮ್ಮ ಕೈಗೆ ಬರಬೇಕು. ಬಾಕಿದ್ದೆಲ್ಲ ಆಮೇಲೆ.

ನನಗೆ ಸಿಕ್ಕಿದ ದೊಡ್ಡ ಪೆಟ್ಟು ಇನ್ನೊಂದು. ಫ್ಯಾಮಿಲಿ ಲಿಂಕಿಗೆ ಮಗನ ಖಾತೆ ಸೇರಿಸಲು ಹೋದರೆ ಅದನ್ನು ಮಗುವಿನ ಖಾತೆ ಅಂತ ಗೂಗಲ್ ಒಪ್ಪುತ್ತಲೇ ಇಲ್ಲ. ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು, ತಪ್ಪು ನನ್ನದೇ. 2020ರ ಜೂನ್ 1ಕ್ಕೆ ಕೇರಳದಲ್ಲಿ ಫಸ್ಟ್ ಬೆಲ್ ಆನ್‌ಲೈನ್ ಪಾಠ ಶುರುವಾಯಿತಲ್ಲ, ಆಗ ಮಗ ಒಂದನೇ ಕ್ಲಾಸು. ಪಾಠದ ವಿಡಿಯೋಗೆ ಯೂಟ್ಯೂಬ್, ಟೀಚರ ಮುಖ ನೋಡಲು ಗೂಗಲ್ ಮೀಟ್, ಅದಕ್ಕೊಂದು ಜೀಮೇಲ್ ಬೇಕು ಅಂತ ಆಯಿತು. ಗಡಿಬಿಡಿಯಲ್ಲಿ ಅವನ ಹೆಸರಿನಲ್ಲಿ ಖಾತೆ ಮಾಡಿ ಹುಟ್ಟಿದ ವರ್ಷದ ಜಾಗದಲ್ಲಿ ನನ್ನದೇ 1981 ಒತ್ತಿಬಿಟ್ಟಿದ್ದೆ. ಸರಿಯಾದ ವರ್ಷ ಒತ್ತಿದರೆ ಖಾತೆ ಆಗುವುದಿಲ್ಲ, ಏನೇನೋ ಕೇಳುತ್ತದೆ ಅಂತ ಗೆಳೆಯರೊಬ್ಬರು ಹೇಳಿದ್ದರು. ಅಂದರೆ ಇಷ್ಟು ವರ್ಷ ಗೂಗಲ್ ಲೆಕ್ಕದಲ್ಲಿ ನನ್ನ ಮಗ ನಲವತ್ತು ದಾಟಿದ ಗಂಡಸು. ಅವನ ಟ್ಯಾಬಿನಲ್ಲಿ ಗೃಹಸಾಲದ ಜಾಹೀರಾತು ಯಾಕೆ ಬರುತ್ತದೆ ಅಂತ ಹಿಂದೊಮ್ಮೆ ನಾನೇ ತಮಾಷೆ ಮಾಡಿದ್ದೆ.

ಆ ಕೊರೋನಾ ವರ್ಷದಲ್ಲಿ ಹೀಗೆ ಮಾಡಿದವರು ಎಷ್ಟು ಜನ ಇದ್ದೀರಿ, ನಿಮ್ಮಷ್ಟಕ್ಕೇ ನೆನಪು ಮಾಡಿಕೊಳ್ಳಿ. ಹುಟ್ಟಿದ ವರ್ಷ ಸುಳ್ಳಾದರೆ ಉಳಿದದ್ದೆಲ್ಲ ಸುಳ್ಳು. ಯೂಟ್ಯೂಬ್ ಅವನನ್ನು ದೊಡ್ಡವ ಅಂತಲೇ ನೋಡುತ್ತದೆ, ಪ್ಲೇ ಸ್ಟೋರ್ ಕೂಡ. ಸರಿ ಮಾಡಲು ಆಗುತ್ತದೆ. ಮಗುವಿನ ಗೂಗಲ್ ಖಾತೆಯಲ್ಲಿ ವೈಯಕ್ತಿಕ ಮಾಹಿತಿ ಅಂತ ಇರುವಲ್ಲಿ ಹೋಗಿ ಹುಟ್ಟಿದ ದಿನ ತಿದ್ದಬೇಕು. 13ಕ್ಕಿಂತ ಕಡಿಮೆ ಅಂತ ಕಂಡ ಕೂಡಲೇ ಅದು ಅಪ್ಪ ಅಮ್ಮನ ಖಾತೆಯ ಒಪ್ಪಿಗೆ ಕೇಳುತ್ತದೆ. ಆಗ ನಿಮ್ಮ ಫೋನ್ ಪಕ್ಕದಲ್ಲೇ ಇರಲಿ, ಒಪ್ಪಿಗೆ ಕೊಡದೆ ಅರ್ಧದಲ್ಲಿ ಬಿಟ್ಟರೆ ಖಾತೆಯೇ ನಿಂತುಹೋಗಬಹುದು. ಪರೀಕ್ಷೆಯ ಹಿಂದಿನ ರಾತ್ರಿ ಈ ಕೆಲಸಕ್ಕೆ ಕೈ ಹಾಕಬೇಡಿ.

ಇದಾದ ಮೇಲೆ ಫ್ಯಾಮಿಲಿ ಲಿಂಕ್ ಸರಿಯಾಗಿ ಕೂತುಕೊಂಡಿತು. ಈ ಸಲ ಪಿನ್ ನಾನೇ ಹಾಕಿದೆ, ಅವನನ್ನು ಅಂಗಳಕ್ಕೆ ಕಳಿಸಿ. ನನ್ನ ಯುಪಿಐ ಪಿನ್ನನ್ನೂ ಬದಲಾಯಿಸಿದೆ, ಪ್ಲೇ ಸ್ಟೋರಿನಲ್ಲಿ ಯಾವ ಖರೀದಿಗೂ ಪ್ರತಿ ಸಲ ಪಾಸ್‌ವರ್ಡ್ ಕೇಳುವ ಹಾಗೆ ಮಾಡಿದೆ. ಗೇಮಿನಲ್ಲಿ ವಜ್ರ ಅಂತ ಏನೋ ಕೊಳ್ಳುತ್ತಾರಂತೆ, ನಮ್ಮಲ್ಲಿ ಹೋದದ್ದು ಸಣ್ಣ ಮೊತ್ತ, ನೆರೆಮನೆಯಲ್ಲಿ ಸಣ್ಣದಲ್ಲ. ಯೂಟ್ಯೂಬಿಗೂ ಮೂರು ಮಟ್ಟ ಇವೆ, 9 ದಾಟಿದವರಿಗೆ ಒಂದು, 13 ದಾಟಿದವರಿಗೆ ಹೊಂದುವ ಹಾಗೆ ಒಂದು, ಮತ್ತೆ ಹೆಚ್ಚುಕಡಿಮೆ ಎಲ್ಲವೂ ಸಿಗುವ ಇನ್ನೊಂದು. ನಾನು ಮೊದಲನೆಯದು ಹಾಕಿದ್ದೇನೆ. ಅವನು ಎರಡನೆಯದು ಬೇಕು ಅಂತ ದಿನಾ ಅರ್ಜಿ ಹಾಕುತ್ತಾನೆ. ಚರ್ಚೆಯಲ್ಲಿದೆ.

ಇನ್ನು ಕಂಪ್ಯೂಟರ್ ವಿಷಯ. ಇದರಲ್ಲಿ ನನಗೆ ಪಾಠ ಮಾಡಿದ್ದು ಮಗಳು. ಕೇರಳದ ಸರಕಾರಿ, ಅನುದಾನಿತ ಶಾಲೆಗಳ ಲ್ಯಾಬುಗಳಲ್ಲಿ ಓಡುವುದು ವಿಂಡೋಸ್ ಅಲ್ಲ, ಅದರ ಜಾಗದಲ್ಲಿ ಕಂಪ್ಯೂಟರ್ ಓಡಿಸುವ ಉಬುಂಟು ಎಂಬ ಬಿಟ್ಟಿ ಸಾಫ್ಟ್‌ವೇರ್. ಅದನ್ನು ಕೊಟ್ಟದ್ದು ಶಾಲೆಗಳ ಕಂಪ್ಯೂಟರ್ ಕೆಲಸ ನೋಡುವ ಕೈಟ್ ಎಂಬ ಸರಕಾರಿ ಸಂಸ್ಥೆ. ಅವಳು ಆ ಸಂಸ್ಥೆ ಶಾಲೆಗಳಲ್ಲಿ ನಡೆಸುವ ಲಿಟಲ್ ಕೈಟ್ಸ್ ಎಂಬ ಮಕ್ಕಳ ಕಂಪ್ಯೂಟರ್ ಕ್ಲಬ್ಬಿನಲ್ಲಿದ್ದಾಳೆ, ಹಾಗಾಗಿ ಮನೆಯ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿಗೂ ಉಬುಂಟುವೇ ಹಾಕಿದ್ದಾಳೆ. ಇಂಟರ್ನೆಟ್ಟಿನಲ್ಲಿ ಪೇರೆಂಟಲ್ ಕಂಟ್ರೋಲ್ ಅಂತ ಹುಡುಕಿದರೆ ಎಲ್ಲರೂ ವಿಂಡೋಸ್ ಬಗ್ಗೆಯೇ ಹೇಳುತ್ತಾರೆ, ನಮಗೆ ಬೇಕಾದದ್ದು ಯಾರೂ ಹೇಳುವುದಿಲ್ಲ. ಅವಳು ಒಂದೇ ಮಾತು ಕೇಳಿದಳು. "ಅಪ್ಪ, ಅಡ್ಮಿನ್ ಪಾಸ್‌ವರ್ಡ್ ನನಗೂ ತಮ್ಮನಿಗೂ ಗೊತ್ತುಂಟಲ್ಲ, ನೀವು ಎಂತ ಬೀಗ ಹಾಕಿದರೂ ಸುಮ್ನೆ ಅಲ್ವಾ?"

ಆವತ್ತಿನವರೆಗೆ ಮೂವರೂ ಒಂದೇ ಹೆಸರಿನಲ್ಲಿ ಲಾಗಿನ್ ಆಗುತ್ತಿದ್ದೆವು. ಅವಳೇ ಮೂರು ಖಾತೆ ಮಾಡಿದಳು. ಅಡ್ಮಿನ್ ಅಧಿಕಾರ, ಅಂದರೆ ಕಂಪ್ಯೂಟರಿನ ಯಜಮಾನಿಕೆ, ನನ್ನದಕ್ಕೆ ಮಾತ್ರ, ಅವರಿಬ್ಬರದ್ದು ಬರೇ ಸಾಧಾರಣ ಖಾತೆ. ಸಾಧಾರಣ ಖಾತೆಯಿಂದ ಸಿಸ್ಟಮ್‌ಗೆ ಹೊಸ ಸಾಫ್ಟ್‌ವೇರ್ ಹಾಕಲು, ನಾನು ಮಾಡಿದ ಸೆಟ್ಟಿಂಗ್ ಬದಲಾಯಿಸಲು ನನ್ನ ಪಾಸ್‌ವರ್ಡ್ ಬೇಕೇ ಬೇಕು. ಅದನ್ನು ಹಾಕುವಾಗ ಅವಳೇ ಮುಖ ತಿರುಗಿಸಿ ಕೂತಳು. ಆ ಮುಖ ತಿರುಗಿಸಿದ್ದು ನನಗೆ ಯಾವ ಆ್ಯಪಿಗಿಂತಲೂ ದೊಡ್ಡದು ಕಂಡಿತು.

ಹೊತ್ತಿನ ಲೆಕ್ಕಕ್ಕೆ ಟೈಮ್‌ಕೀಪರ್ ಅಂತ ಒಂದು ಪ್ರೋಗ್ರಾಮು ಇದೆ, ಉಬುಂಟುವಿನ ಸಾಫ್ಟ್‌ವೇರ್ ಭಂಡಾರದಲ್ಲೇ ಟೈಮ್‌ಕೆಪಿಆರ್ ನೆಕ್ಸ್ಟ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಯಾವ ದಿನ ಎಷ್ಟು ಹೊತ್ತು, ಎಷ್ಟು ಗಂಟೆಯಿಂದ ಎಷ್ಟರವರೆಗೆ ಅಂತ ಒಬ್ಬೊಬ್ಬರ ಖಾತೆಗೂ ಬೇರೆ ಬೇರೆ ಹಾಕಬಹುದು. ಮಗನಿಗೆ ಶಾಲೆಯ ದಿನ ಒಂದು ಗಂಟೆ, ಆದಿತ್ಯವಾರ ಎರಡೂವರೆ. ಇಲ್ಲೊಂದು ಎಡವಟ್ಟು ಮಾಡಿಕೊಂಡೆ. ಹೊತ್ತು ಮುಗಿದ ಕೂಡಲೇ ಅದು ಲಾಗಿನ್ ಅನ್ನೇ ಮುಗಿಸಿಬಿಡುತ್ತದೆ, ಮೊದಲಿನಿಂದ ಹಾಗೇ ಇರುತ್ತದೆ. ಎಚ್ಚರಿಕೆ ಬರುತ್ತದೆ, ಆದರೆ ಮಕ್ಕಳು ನೋಡಬೇಕಲ್ಲ. ಮಗ ಸ್ಕ್ರ್ಯಾಚ್ ಅಂತ ಮಕ್ಕಳೇ ಗೇಮು ಮಾಡಲು ಕಲಿಯುವ ಪ್ರೋಗ್ರಾಮಿನಲ್ಲಿ ಎರಡು ದಿನ ಕೂತು ಒಂದು ಬೆಕ್ಕು ಇಲಿಯ ಆಟ ಮಾಡುತ್ತಿದ್ದ, ಸೇವ್ ಮಾಡಿರಲಿಲ್ಲ, ಕಣ್ಣೆದುರೇ ಹೋಯಿತು. ಅವತ್ತು ಅತ್ತದ್ದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಕೋವಿ ಗೇಮು ನಿಲ್ಲಿಸಲು ಹೋಗಿ ಮಗು ತಾನೇ ಮಾಡಿದ ಗೇಮನ್ನು ಅಳಿಸಿದ ಅಪ್ಪ ನಾನು. ಮುಗಿಸುವ ಬದಲು ಪರದೆ ಲಾಕ್ ಆಗುವ ಹಾಗೆ ಮಾಡುವ ಆಯ್ಕೆಯೂ ಅದರಲ್ಲೇ ಇದೆ, ಹಾಕುವವರು ಅದನ್ನು ಮೊದಲು ನೋಡಿಕೊಳ್ಳಿ.

ಇಷ್ಟೆಲ್ಲ ಆದ ಮೇಲೆ ಮಗಳು ಮೆಲ್ಲ ಹೇಳಿದಳು, ಪೆನ್‌ಡ್ರೈವಿನಲ್ಲಿ ಉಬುಂಟು ಹಾಕಿ ಅದರಿಂದಲೇ ಕಂಪ್ಯೂಟರ್ ಶುರು ಮಾಡಿದರೆ ಇದ್ಯಾವುದೂ ಲೆಕ್ಕಕ್ಕಿಲ್ಲ ಅಂತ. ಅದಕ್ಕೆ ಕಂಪ್ಯೂಟರ್ ಆನ್ ಆಗುವಾಗ ಎಲ್ಲಕ್ಕಿಂತ ಮೊದಲು ಓಡುವ ಬಯಾಸ್‌ಗೇ ಪಾಸ್‌ವರ್ಡ್ ಬೇಕಂತೆ. ಹಾಕಿದ್ದೇನೆ. ತಮ್ಮನಿಗೆ ಹೇಳಿಕೊಡಬೇಡ ಅಂತ ಅವಳಿಗೆ ಹೇಳಿದ್ದೇನೆ. ಎಷ್ಟು ದಿನ ನೋಡುವಾ.

ವಿಂಡೋಸ್ ಇರುವವರಿಗೂ ಮಾತು ಅದೇ, ಮಗುವಿಗೆ ಬೇರೆ ಖಾತೆ, ಅಡ್ಮಿನ್ ಅಲ್ಲ. ಮೈಕ್ರೋಸಾಫ್ಟಿನ ಫ್ಯಾಮಿಲಿ ಸೇಫ್ಟಿ ಬಳಸಬೇಕಾದರೆ ಮಗುವಿಗೂ ಮೈಕ್ರೋಸಾಫ್ಟ್ ಖಾತೆ ಬೇಕಾಗುತ್ತದೆ. ಅದರ ವೆಬ್‌ಸೈಟ್ ಸೋಸುವ ಕೆಲಸ ನಡೆಯುವುದು ಎಡ್ಜ್ ಬ್ರೌಸರಿನಲ್ಲಿ ಮಾತ್ರ, ಹಾಗಾಗಿ ಬೇರೆ ಬ್ರೌಸರುಗಳನ್ನು ಅದು ತೆರೆಯಲು ಬಿಡುವುದಿಲ್ಲ. ಭಾವನ ಮನೆಯಲ್ಲಿ ಇದನ್ನು ಹಾಕಿ ಕ್ರೋಮ್ ತೆರೆಯುವುದಿಲ್ಲ, ಲ್ಯಾಪ್‌ಟಾಪ್ ಹಾಳಾಯಿತು ಅಂತ ರಿಪೇರಿಗೆ ಕೊಟ್ಟಿದ್ದರು. ಗಲ್ಫಿನಿಂದ ಬಂದ ಐಪ್ಯಾಡು, ಐಫೋನು ನಮ್ಮ ಜಿಲ್ಲೆಯಲ್ಲಿ ಕಡಿಮೆ ಏನಿಲ್ಲ, ಅದರಲ್ಲಿ ಸೆಟ್ಟಿಂಗ್ಸ್ ಒಳಗೆ ಸ್ಕ್ರೀನ್ ಟೈಮ್ ಅಂತಲೇ ಇದೆ. ಫೋನ್ ತೆರೆಯುವ ಪಾಸ್‌ಕೋಡ್ ಬೇರೆ, ಸ್ಕ್ರೀನ್ ಟೈಮಿನ ಪಾಸ್‌ಕೋಡ್ ಬೇರೆ ಇಡಬೇಕು. ಒಂದೇ ಇಟ್ಟವರನ್ನು ನಾನು ಕಂಡಿದ್ದೇನೆ.

ಮನೆಯ ವೈಫೈ ರೂಟರಿನಲ್ಲಿ ಮಾಡಬಹುದಾದ ಸುಲಭದ ಕೆಲಸವೂ ಒಂದಿದೆ. ಡಿಎನ್‌ಎಸ್ ಅಂತ ಇರುವ ಜಾಗದಲ್ಲಿ 1.1.1.3 ಮತ್ತು 1.0.0.3 ಅಂತ ಹಾಕಿದರೆ ಅಶ್ಲೀಲ ಸೈಟುಗಳು, ವೈರಸ್ ಹರಡುವ ಸೈಟುಗಳು ಹೆಚ್ಚಿನವು ತೆರೆಯುವುದೇ ಇಲ್ಲ. ಕ್ಲೌಡ್‌ಫ್ಲೇರ್ ಕಂಪನಿ 2020ರಿಂದ ಇದನ್ನು ಬಿಟ್ಟಿ ಕೊಡುತ್ತಿದೆ. ಡಿಎನ್‌ಎಸ್ ಅಂದರೆ ಹಳೇ ಕಾಲದ ಟೆಲಿಫೋನ್ ಎಕ್ಸ್‌ಚೇಂಜಿನವರ ಹಾಗೆ, ಹೆಸರು ಹೇಳಿದರೆ ನಂಬರು ಹುಡುಕಿ ಕನೆಕ್ಷನ್ ಕೊಡುವವರು. ಈ ಎಕ್ಸ್‌ಚೇಂಜಿನವರು ಕೆಲವು ಹೆಸರಿಗೆ ನಂಬರೇ ಇಲ್ಲ ಅನ್ನುತ್ತಾರೆ, ಅಷ್ಟೇ. ಎಲ್ಲಾ ಫೋನು, ಟಿವಿ, ಲ್ಯಾಪ್‌ಟಾಪಿಗೂ ಒಟ್ಟಿಗೇ ಆಗುತ್ತದೆ, ಒಂದೊಂದರಲ್ಲಿ ಕೂತು ಮಾಡಬೇಕಾಗಿಲ್ಲ. ಆದರೆ ರೂಟರಿನ ಪಾಸ್‌ವರ್ಡು ಕನೆಕ್ಷನ್ ಕೊಡುವವರು ಹಾಕಿಹೋದದ್ದೇ ಇದ್ದರೆ, ಎಷ್ಟೋ ಕಡೆ ಅದು ರೂಟರಿನ ಅಡಿಯ ಚೀಟಿಯಲ್ಲೇ ಬರೆದಿರುತ್ತದೆ, ಮಕ್ಕಳು ಐದು ನಿಮಿಷದಲ್ಲಿ ತಿರುಗಿಸಿಡುತ್ತಾರೆ. ಮತ್ತೆ ಮೊಬೈಲ್ ಡೇಟಾ ಹಾಕಿದರೆ ರೂಟರು ಏನು ಮಾಡೀತು? ನಮ್ಮ ಗುಡ್ಡದಲ್ಲಿ ಒಂದು ಮೂಲೆಗೆ ಹೋದರೆ ಕೇರಳದ ಟವರು, ಇನ್ನೊಂದು ಮೂಲೆಗೆ ಹೋದರೆ ಕರ್ನಾಟಕದ ಟವರು. ಮನೆಯೊಳಗೆ ಎರಡೂ ಸಿಗದಿರುವುದೇ ಸದ್ಯಕ್ಕೆ ನಮ್ಮ ಪುಣ್ಯ. ಟೆಲಿಗ್ರಾಮ್, ವಾಟ್ಸಾಪ್ ಒಳಗೆ ಬರುವುದನ್ನು ಈ ಡಿಎನ್‌ಎಸ್ ನೋಡುವುದೂ ಇಲ್ಲ, ತಡೆಯುವುದೂ ಇಲ್ಲ. ಅದಕ್ಕೆ ಮಕ್ಕಳ ಹತ್ತಿರ ಕೂತು ಮಾತಾಡುವುದಲ್ಲದೆ ನನಗೆ ಬೇರೆ ದಾರಿ ಕಾಣಲಿಲ್ಲ.

ಮಕ್ಕಳ ಮೆಸೇಜು ಓದುವ ಆ್ಯಪುಗಳೂ ಇವೆಯಂತೆ, ಗುಟ್ಟಾಗಿ ಹಾಕುವಂಥವು. ನಾನು ಹಾಕಿಲ್ಲ, ಹಾಕುವುದೂ ಇಲ್ಲ. ಹದಿನಾಲ್ಕು ವರ್ಷದ ಹುಡುಗಿ ಗೆಳತಿಗೆ ಬರೆದದ್ದನ್ನು ಅಪ್ಪ ಕದ್ದು ಓದುವುದು ಬೀಗ ಅಲ್ಲ, ಕನ್ನ. ಏನೇನು ಹಾಕಿದ್ದೇನೆ, ಯಾಕೆ ಹಾಕಿದ್ದೇನೆ ಅಂತ ಇಬ್ಬರಿಗೂ ಹೇಳಿಯೇ ಹಾಕಿದ್ದೇನೆ. ಮಗ ಒಪ್ಪಿಲ್ಲ, ಆದರೆ ಗೊತ್ತಿದೆ.

ಕಾನೂನು ಬಂದರೆ ಎಲ್ಲಾ ಸರಿ ಆಗುತ್ತದೆ ಅನ್ನುವವರಿಗೆ ಒಂದು ಮಾತು. 2023ರ ನಮ್ಮ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾನೂನಿನಲ್ಲಿ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ಅಪ್ಪ ಅಮ್ಮನ ಒಪ್ಪಿಗೆ ಬೇಕು ಅಂತ ಬರೆದಿದೆ. ವಾಟ್ಸಾಪ್, ಇನ್‌ಸ್ಟಾಗ್ರಾಮಿನವರು 13 ಸಾಕು ಅನ್ನುತ್ತಾರೆ. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16ರ ಒಳಗಿನವರಿಗೆ ಇನ್‌ಸ್ಟಾಗ್ರಾಮಿನಂಥ ಸೋಶಿಯಲ್ ಮೀಡಿಯಾ ಖಾತೆಯೇ ಇಲ್ಲ ಅಂತ ಆಯಿತು. ಸಂಖ್ಯೆ ಯಾವುದೇ ಇರಲಿ, ಪೆರ್ಲದಲ್ಲಿ ಕೂತು ಮಗನ ಹುಟ್ಟಿದ ವರ್ಷ 1981 ಅಂತ ಒತ್ತುವ ಅಪ್ಪನನ್ನು ದಿಲ್ಲಿಯ ಕಾನೂನು ಏನು ಮಾಡಬೇಕು?

ಅಜ್ಜಿಯ ಫೋನಿಗೆ ಬೀಗ ಹಾಕಿದ್ದು ಎಲ್ಲಕ್ಕಿಂತ ಕಷ್ಟ ಆಯಿತು. ಪಿನ್ ಅವಳಿಗೆ ನೆನಪಿರುವುದಿಲ್ಲ. ಬೆರಳಚ್ಚು ಇಡುವಾ ಅಂದರೆ ಐವತ್ತು ವರ್ಷ ಅಡಿಕೆ ಸುಲಿದ ಬೆರಳು, ರೇಖೆಯೇ ಸವೆದುಹೋಗಿದೆ, ಫೋನು ಗುರುತಿಸುವುದಿಲ್ಲ. ರೇಷನ್ ಅಂಗಡಿಯಲ್ಲೂ ಇದೇ ಪಾಡು. ಪರದೆಯಲ್ಲಿ ಗೆರೆ ಎಳೆಯುವ ಬೀಗ ಹಾಕಿದರೆ ಮಗ ಎರಡೇ ದಿನದಲ್ಲಿ ನೋಡಿ ಕಲಿತ. ಈಗ ಫೋನು ರಾತ್ರಿ ಅಮ್ಮನ ತಲೆದಿಂಬಿನ ಅಡಿಯಲ್ಲಿ, ಎಲೆಯಡಿಕೆ ಚೀಲದ ಒಟ್ಟಿಗೆ ಇರುತ್ತದೆ. ಅಲ್ಲಿ ಕೈ ಹಾಕುವ ಧೈರ್ಯ ನನಗೂ ಇಲ್ಲ. ಯೂಟ್ಯೂಬಿನ ಹಿಸ್ಟರಿ ಅಳಿಸಿದ ಮೇಲೆ ಚೆಂಡೆ ಮದ್ದಳೆ ವಾಪಸು ಬಂತು. ನಡುವೆ ಒಂದೊಂದು ಸಲ ಕೋವಿಯವನೂ ಬರುತ್ತಾನೆ. ಅಮ್ಮ ಒಂದು ದಿನ ಕೂತು ಪೂರ್ತಿ ನೋಡಿದಳಂತೆ. "ಎಷ್ಟು ಸಲ ಕೊಂದರೂ ಎದ್ದು ಬರ್ತಾನೆ ಮಗಾ, ನಮ್ಮ ರಕ್ತಬೀಜನ ಹಾಗೆ. ವೇಷ ಮಾತ್ರ ಚಂದ ಇಲ್ಲ."

ಈಗ ಪತ್ರ ಬರೆಯಲು ಕಾರಣ ಏನು ಅಂದರೆ, ಕಳೆದ ತಿಂಗಳು ಶಾಲೆಯೊಂದರಲ್ಲಿ ಪೋಷಕರಿಗೆ ಸೈಬರ್ ಸುರಕ್ಷೆಯ ತರಗತಿ ಅಂತ ಕರೆದಿದ್ದರು. ಹೋದೆ. ಒಂದೂವರೆ ಗಂಟೆ ಮಲಯಾಳದಲ್ಲಿ ಚಂದ ಮಾತಾಡಿದರು, ತೆರೆಯ ಮೇಲೆ ಇಂಗ್ಲಿಷಿನಲ್ಲಿ ತೋರಿಸಿದರು. ನನ್ನ ಹಿಂದಿನ ಬೆಂಚಿನಲ್ಲಿ ಕೂತ ತಾಯಂದಿರಿಗೆ ತುಳು ಬರುತ್ತದೆ, ಕನ್ನಡ ಬರುತ್ತದೆ, ಮಲಯಾಳವೂ ಪೇಟೆಗೆ ಸಾಕಾಗುವಷ್ಟು ಬರುತ್ತದೆ. ಆದರೆ ಸೆಟ್ಟಿಂಗ್ಸ್ ಒಳಗೆ ಹೋಗಿ ಮೂರನೇ ಸಾಲು ಒತ್ತಿ ಅನ್ನುವುದು ಪೇಟೆಯ ಮಾತಲ್ಲವಲ್ಲ. ಯಾರೂ ಫೋನ್ ಹೊರಗೆ ತೆಗೆಯಲಿಲ್ಲ. ಚಾ ಕುಡಿದು ಬಂದೆವು. ಮಾತಾಡಿದವರ ಮೇಲೆ ನನ್ನ ದೂರಿಲ್ಲ, ಅವರು ಗೊತ್ತಿದ್ದ ಭಾಷೆಯಲ್ಲಿ ಹೇಳಿದರು.

ಆದರೆ ಇದೇ ಕೇರಳದಲ್ಲಿ 2022ರಲ್ಲಿ ಲಿಟಲ್ ಕೈಟ್ಸ್ ಮಕ್ಕಳಿಂದಲೇ ತಾಯಂದಿರಿಗೆ ಸೈಬರ್ ಸುರಕ್ಷೆಯ ತರಬೇತಿ ಕೊಡಿಸಿದ್ದರು. ಅದನ್ನೇ ಮಂಜೇಶ್ವರ, ಕಾಸರಗೋಡು ತಾಲೂಕಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಪುನಃ ಮಾಡಲಿ, ಈ ಸಲ ಕನ್ನಡದಲ್ಲಿ. ಭಾಷಣ ಬೇಡ. ಪೋಷಕರು ತಮ್ಮ ಫೋನು, ಮಗುವಿನ ಫೋನು ಎರಡನ್ನೂ ತರಲಿ, ಒಬ್ಬೊಬ್ಬರ ಪಕ್ಕದಲ್ಲಿ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗನೋ ಹುಡುಗಿಯೋ ಕೂರಲಿ. ತಮ್ಮ ಮನೆಯ ಮಕ್ಕಳಲ್ಲ, ಬೇರೆಯವರ ಮನೆಯ ಮಕ್ಕಳು. ಹುಟ್ಟಿದ ವರ್ಷ ಸರಿ ಮಾಡಿ, ಪಾಸ್‌ವರ್ಡ್ ಬದಲಾಯಿಸಿ, ಅದನ್ನು ಪೋಷಕರೇ ಒಂದು ಚೀಟಿಯಲ್ಲಿ ಬರೆದುಕೊಂಡು ಮನೆಗೆ ಹೋಗಲಿ. ಅಪ್ಪಂದಿರನ್ನೂ ಕರೆಯಿರಿ. ಫೋನ್ ಇಟ್ಟುಕೊಂಡ ಅಜ್ಜ ಅಜ್ಜಿಯರನ್ನೂ.

ನಮ್ಮ ಶಾಲೆಯ ಪಿಟಿಎ, ಅಂದರೆ ರಕ್ಷಕ ಶಿಕ್ಷಕ ಸಂಘದ ಸಭೆಯಲ್ಲಿ ಇದನ್ನು ಕೇಳಿದ್ದೇನೆ, ನೋಡುವಾ ಅಂದಿದ್ದಾರೆ. ಬೇರೆ ಶಾಲೆಗಳ ಪೋಷಕರೂ ಕೇಳಿದರೆ ಸ್ವಲ್ಪ ಬೇಗ ಆದೀತು. ಮಗಳು ಕಲಿಸಲು ಬರುತ್ತೇನೆ ಅಂದಿದ್ದಾಳೆ. ಕನ್ನಡದಲ್ಲಿ ಬರೆದ ಎರಡು ಪುಟದ ಚೀಟಿಯೂ ತಯಾರಿದೆ, ಬೇಕಾದ ಶಾಲೆಯವರು ಪತ್ರಿಕೆಯ ಮೂಲಕ ತಿಳಿಸಿದರೆ ಜೆರಾಕ್ಸ್ ಮಾಡಿ ಕಳಿಸುತ್ತೇನೆ.

ಇತಿ,
ಇಬ್ಬರು ಮಕ್ಕಳ ಅಪ್ಪ
ಪೆರ್ಲ, ಕಾಸರಗೋಡು ಜಿಲ್ಲೆ